ತುಟಿಗೂ ಮಾತಿಗೂ ನಡುವೆ

ಕೆರೆಯ ಆಚೆಯ ದಡದಲ್ಲಿ ಮಡಿವಾಳನೊಬ್ಬನು ಬಟ್ಟೆ ಒಗೆಯುತ್ತಿರುವುದನ್ನು ಈಚೆಯ ದಡದಲ್ಲಿ ನಿಂತು ನೋಡಿದವರಿಗೆ ಒಂದು ವಿಚಿತ್ರಾನುಭವವು ತಪ್ಪಿದ್ದಲ್ಲ. ಬಟ್ಟೆಯು ಕಲ್ಲಿಗೆ ಬಡಿದುದು ಕಣ್ಣಿಗೆ ಕಾಣುತ್ತದೆ. ಸದ್ದು ಮಾತ್ರ ಕೇಳುವುದಿಲ್ಲ. ಆತನು ಮರಳಿ ಬಟ್ಟೆಯನ್ನು ತಲೆಯ ಮೇಲಕ್ಕೆತ್ತಿ ನಿಂತಿರುವಾಗ, ಯಾವ ಪೆಟ್ಟೂ ಬೀಳದ ಆ ಗಳಿಗೆಯಲ್ಲಿ, ಹಿಂದಿನ ಪೆಟ್ಟಿನ ಸದ್ದು ನೀರಿನ ಮೇಲೆ ಸಾಗಿ ಬಂದು ಕಿವಿಯನ್ನು ಮುಟ್ಟುತ್ತದೆ. ಬೆಳಕು ಕಣ್ಣೆವೆ ಮುಚ್ಚುವುದರೊಳಗೆ ಕೆರೆಯನ್ನು ದಾಟಿಬಿಡುತ್ತದೆ. ಶಬ್ದವಾದರೋ ಸೆಕೆಂಡಿಗೆ ಸುಮಾರು 343 ಮೀಟರುಗಳ ನಡಿಗೆಯಲ್ಲಿ ಬರಬೇಕು. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದು ಶಾಲೆಯ ಮಗುವೂ ಬಲ್ಲ ಸಂಗತಿಯಷ್ಟೆ. ಕಣ್ಣು ಕಿವಿಗಳು ಒಂದೇ ಘಟನೆಗೆ ಸಾಕ್ಷಿಗಳಾದರೂ ಒಂದೇ ಹೊತ್ತಿಗೆ ಸಾಕ್ಷ್ಯ ನುಡಿಯುವುದಿಲ್ಲ. ಆದರೂ ಎದುರಿಗೆ ಕುಳಿತವರು ಮಾತನಾಡುವಾಗ ಈ ಅಂತರವು ಯಾರ ಗಮನಕ್ಕೂ ಬಾರದು. ಮನಸ್ಸೆಂಬ ನ್ಯಾಯಾಧೀಶನು ಎರಡು ಹೇಳಿಕೆಗಳನ್ನೂ ಸೇರಿಸಿ, ‘ಈ ತುಟಿಯಿಂದಲೇ ಈ ಮಾತು ಹೊರಟಿತು’ ಎಂದು ತೀರ್ಪು ಕೊಟ್ಟುಬಿಡುತ್ತಾನೆ.

ಈ ತೀರ್ಪನ್ನೇ ನಂಬಿಕೊಂಡು ಬದುಕುವ ಕಲೆಗಳಿವೆ. ನಮ್ಮ ನಾಡಿನ ತೊಗಲುಗೊಂಬೆಯಾಟವನ್ನೇ ನೋಡಬಹುದು. ತೊಗಲಿನ ಬೊಂಬೆಗೆ ಕಂಠವೆಲ್ಲಿಯದು? ಮಾತು ಹೊರಡುವುದು ಪರದೆಯ ಹಿಂದೆ ಕುಳಿತ ಕಲಾವಿದನಿಂದ. ಆದರೆ ಮಾತು ಹೊರಟ ಗಳಿಗೆಗೆ ಸರಿಯಾಗಿ ಬೊಂಬೆಯ ಕೈಯೋ ತಲೆಯೋ ಅಲುಗಿದರೆ ಸಾಕು, ರಾವಣನೇ ಗರ್ಜಿಸಿದನೆಂದು ನೆರೆದ ಮಕ್ಕಳು ಬೆಚ್ಚುತ್ತಾರೆ. ಕೈ ಅಲುಗುವುದು ಸ್ವಲ್ಪ ತಡವಾದರೆ ರಾವಣನು ಮರೆಯಾಗಿ ತೊಗಲಿನ ತುಂಡು ಉಳಿಯುತ್ತದೆ. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯಂತೆ, ನೋಟವೊಂದು ಕಡೆಗೂ ನಾದವೊಂದು ಕಡೆಗೂ ಎಳೆದಾಗ ನೋಡುವವನ ನಂಬಿಕೆಯು ನಡುವೆ ಹರಿದುಹೋಗುತ್ತದೆ. ಚಲನಚಿತ್ರವು ಈ ಹಳೆಯ ಆಟದ ಹೊಸ ರೂಪವೆಂದರೆ ತಪ್ಪಾಗಲಾರದು. ಅಲ್ಲಿಯೂ ರೂಪವನ್ನು ಹಿಡಿಯುವ ಯಂತ್ರವೊಂದು, ದನಿಯನ್ನು ಹಿಡಿಯುವ ಯಂತ್ರ ಇನ್ನೊಂದು. ಬೇರೆ ಬೇರೆಯಾಗಿ ಹಿಡಿದುದನ್ನು ತರುವಾಯ ಕೂಡಿಸುವ ಕೆಲಸವು ಸಂಕಲನಕಾರನ ಮೇಜಿಗೆ ಬರುತ್ತದೆ.

ಎರಡನ್ನೂ ಒಂದೇ ಯಂತ್ರದಲ್ಲಿ ಹಿಡಿದರೆ ಈ ತಂಟೆಯೇ ಇರದಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಹಾಗೆ ಹಿಡಿಯುವುದುಂಟು. ಆದರೆ ಕ್ಯಾಮರಾಕ್ಕೆ ಬೇಕಾದ ಸ್ಥಳ ಬೇರೆ, ಮೈಕಿಗೆ ಬೇಕಾದ ಸ್ಥಳ ಬೇರೆ. ವೇದಿಕೆಯನ್ನು ಪೂರ್ತಿಯಾಗಿ ತೋರಿಸಲು ಕ್ಯಾಮರಾ ಸಭಾಭವನದ ಹಿಂಬದಿಯಲ್ಲಿ ನಿಲ್ಲಬೇಕು. ಮಾತನ್ನು ತಿಳಿಯಾಗಿ ಹಿಡಿಯಲು ಮೈಕು ಬಾಯಿಗೆ ಗೇಣಿನಳತೆಯಲ್ಲಿರಬೇಕು. ಹಿಂದೆ ನಿಂತ ಕ್ಯಾಮರಾದ ಮೈಕಿಗೆ ಭಾಷಣಕಾರರ ಮಾತಿಗಿಂತ ಹತ್ತಿರದ ಫ್ಯಾನಿನ ಸದ್ದು, ಕುರ್ಚಿ ಎಳೆದ ಸದ್ದು, ಕೆಮ್ಮು, ಪಿಸುಮಾತುಗಳೇ ಹೆಚ್ಚು. ಆದುದರಿಂದ ಭಾಷಣಕಾರರ ಮುಂದೆ ಪ್ರತ್ಯೇಕವಾಗಿ ಒಂದು ಸಣ್ಣ ರೆಕಾರ್ಡರನ್ನು ಇಡುವುದು ವಾಡಿಕೆಯಾಯಿತು. 2008ರಲ್ಲಿ ಕ್ಯಾನನ್ ಸಂಸ್ಥೆಯ 5ಡಿ ಮಾರ್ಕ್ 2 ಎಂಬ ಛಾಯಾಚಿತ್ರದ ಕ್ಯಾಮರಾ ಉತ್ತಮ ಚಲಚ್ಚಿತ್ರವನ್ನೂ ತೆಗೆಯಬಲ್ಲದೆಂದಾದ ಮೇಲೆ, ಮರುವರ್ಷವೇ ಬಂದ ಜೂಮ್ ಎಚ್4ಎನ್‌ನಂತಹ ಅಂಗೈಯಗಲದ ರೆಕಾರ್ಡರುಗಳು ಅದಕ್ಕೆ ಜೊತೆಯಾದವು. ದೊಡ್ಡ ಸ್ಟುಡಿಯೋಗಳ ಒಳಗಷ್ಟೇ ನಡೆಯುತ್ತಿದ್ದ ಈ ಜೋಡಣೆಯ ಕೆಲಸವು ಮದುವೆ ಮನೆಗೂ ಜಾತ್ರೆಗೂ ಶಾಲೆಯ ವಾರ್ಷಿಕೋತ್ಸವಕ್ಕೂ ಬಂದುದು ಹೀಗೆ.

ಇದು ಹೊಸ ಕಾಲದ ಸಮಸ್ಯೆಯೆಂದು ಭಾವಿಸಬೇಕಾದುದಿಲ್ಲ. ಮಾತಿನ ಚಿತ್ರಗಳ ಆರಂಭದ ದಿನಗಳಿಂದಲೂ ಅದು ಜೊತೆಯಲ್ಲಿಯೇ ನಡೆದುಬಂದಿದೆ. 1926ರಲ್ಲಿ ಅಮೆರಿಕದಲ್ಲಿ ‘ಡಾನ್ ಜುವಾನ್’ ಚಿತ್ರವೂ 1927ರಲ್ಲಿ ‘ದಿ ಜಾಝ್ ಸಿಂಗರ್’ ಚಿತ್ರವೂ ವೀಟಾಫೋನ್ ಎಂಬ ಪದ್ಧತಿಯಲ್ಲಿ ತೆರೆಗೆ ಬಂದವು. ಚಿತ್ರವು ಸುರುಳಿಯಲ್ಲಿ, ಧ್ವನಿಯು ಹದಿನಾರು ಅಂಗುಲದ ದೊಡ್ಡ ತಟ್ಟೆಯಲ್ಲಿ. ತಟ್ಟೆಯ ಮೇಲೆ ಒಂದು ಬಾಣದ ಗುರುತು, ಸುರುಳಿಯ ಆರಂಭದಲ್ಲಿ ಒಂದು ಗುರುತು. ಮುಳ್ಳನ್ನು ಬಾಣದ ಬಳಿಯಲ್ಲಿಟ್ಟು ಎರಡನ್ನೂ ಒಟ್ಟಿಗೆ ಓಡಿಸಬೇಕು. ಮುಳ್ಳು ಒಂದು ಗೀರನ್ನು ಹಾರಿದರೆ ಆ ಸುರುಳಿ ಮುಗಿಯುವವರೆಗೂ ನಾಯಕನ ಮಾತು ನಾಯಕಿಯ ಬಾಯಿಗೆ ಬರುವ ಭಯ. ಸುರುಳಿ ಹರಿದು ಕೆಲವು ಚೌಕಟ್ಟುಗಳು ನಷ್ಟವಾದರೆ, ನಷ್ಟವಾದಷ್ಟೇ ಕಪ್ಪು ಚೌಕಟ್ಟುಗಳನ್ನು ಎಣಿಸಿ ಅಲ್ಲಿ ಅಂಟಿಸಬೇಕಾಗಿತ್ತು. ಇಲ್ಲವಾದರೆ ಮುಂದಿನ ಮಾತುಗಳೆಲ್ಲವೂ ತಪ್ಪುತ್ತಿದ್ದವು. ನೋಡುಗರು ಆ ಕ್ಷಣದ ಕತ್ತಲೆಯನ್ನು ಸಹಿಸಬಲ್ಲರು, ಮಾತು ಮುಖವನ್ನು ಬಿಟ್ಟುಹೋದುದನ್ನು ಸಹಿಸಲಾರರೆಂಬುದನ್ನು ಅಂದಿನ ಚಿತ್ರಮಂದಿರದವರು ಅರಿತಿದ್ದರು.

ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ತೆರೆಕಂಡಿತು. ಅರ್ದೇಶಿರ್ ಇರಾನಿಯವರು ಅದಕ್ಕೆ ಬಳಸಿದುದು ಚಿತ್ರವನ್ನೂ ಧ್ವನಿಯನ್ನೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೆ ಮುದ್ರಿಸುವ ಯಂತ್ರವನ್ನು. ಹೊಂದಾಣಿಕೆಯ ಚಿಂತೆ ಅಲ್ಲಿರಲಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ಬೇರೆಯಾಗಿತ್ತು. ಸ್ಟುಡಿಯೋದ ಮಗ್ಗುಲಲ್ಲಿಯೇ ರೈಲುಹಳಿ ಇದ್ದುದರಿಂದ, ಗಾಡಿಗಳ ಓಡಾಟ ನಿಂತ ನಡುರಾತ್ರಿಯಲ್ಲಿ ಚಿತ್ರೀಕರಣ ನಡೆಸಬೇಕಾಯಿತು. ಮೈಕುಗಳನ್ನು ನಟರ ಸಮೀಪದಲ್ಲಿ ಕಾಣದಂತೆ ಬಚ್ಚಿಡಬೇಕಾಯಿತು. ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂದಿತು. ಅದರ ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ಮುಂದೆ ಕ್ಯಾಮರಾಗಳು ಸ್ಟುಡಿಯೋ ಬಿಟ್ಟು ಬಯಲಿಗೆ ಬಂದಂತೆ, ಅವುಗಳ ಗರಗರ ಸದ್ದಿನ ನಡುವೆ ಮಾತನ್ನು ಹಿಡಿಯುವ ಆಸೆಯನ್ನೇ ನಮ್ಮ ದೇಶದ ಚಿತ್ರೋದ್ಯಮವು ಬಹುಮಟ್ಟಿಗೆ ಕೈಬಿಟ್ಟಿತು. ನಟರು ತರುವಾಯ ಮುಚ್ಚಿದ ಕೋಣೆಯಲ್ಲಿ ನಿಂತು, ತೆರೆಯ ಮೇಲಿನ ತಮ್ಮದೇ ತುಟಿಗಳನ್ನು ನೋಡುತ್ತ ಮಾತನ್ನು ಮರಳಿ ಆಡುವ ಡಬ್ಬಿಂಗ್ ಪದ್ಧತಿ ದಶಕಗಳ ಕಾಲ ನಡೆಯಿತು. 2001ರ ‘ಲಗಾನ್’ ಚಿತ್ರವು ಚಿತ್ರೀಕರಣದ ಸ್ಥಳದಲ್ಲಿಯೇ ಮುದ್ರಿಸಿದ ಮಾತುಗಳನ್ನು ಬಳಸಿದಾಗ ಅದು ದೊಡ್ಡ ಸುದ್ದಿಯಾದುದಕ್ಕೆ ಕಾರಣವಿದು.

ಸ್ಥಳದಲ್ಲಿ ಆಡಿದ ಮಾತನ್ನೇ ಉಳಿಸಿಕೊಳ್ಳಬೇಕೆಂಬ ಹಂಬಲವು ಲೋಕದ ಬೇರೆ ಭಾಗಗಳಲ್ಲಿ ಅನೇಕ ಉಪಾಯಗಳನ್ನು ಹುಟ್ಟಿಸಿತ್ತು. ಪೋಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಸ್ಟೀಫನ್ ಕುಡೆಲ್ಸ್ಕಿ ಎಂಬ ತಂತ್ರಜ್ಞರು ಹೆಗಲಿಗೆ ತೂಗುಹಾಕಬಹುದಾದ ‘ನಾಗ್ರಾ’ ಎಂಬ ಟೇಪ್ ರೆಕಾರ್ಡರನ್ನು ನಿರ್ಮಿಸಿದರು. ಪೋಲಿಷ್ ನುಡಿಯಲ್ಲಿ ಆ ಹೆಸರಿಗೆ ‘ಇದು ಮುದ್ರಿಸಿಕೊಳ್ಳುವುದು’ ಎಂದು ಅರ್ಥ. ಕ್ಯಾಮರಾದ ಓಟದ ವೇಗವನ್ನು ಒಂದು ಸಣ್ಣ ವಿದ್ಯುತ್ ಮಿಡಿತವಾಗಿ ಅದೇ ಟೇಪಿನಲ್ಲಿ ಮಾತಿನ ಜೊತೆಗೆ ಬರೆದುಕೊಳ್ಳುವ ಏರ್ಪಾಡು ಅಂತಹ ಯಂತ್ರಗಳಲ್ಲಿತ್ತು. ಸಂಕಲನದ ಹೊತ್ತಿಗೆ ಟೇಪು ಆ ಮಿಡಿತವನ್ನು ಅನುಸರಿಸಿ ಓಡುತ್ತಿತ್ತು. 1960ರ ದಶಕದ ಕೊನೆಯ ಭಾಗದಲ್ಲಿ ರೂಪುಗೊಂಡ ಟೈಮ್‌ಕೋಡ್ ಎಂಬ ಪದ್ಧತಿಯು ಇನ್ನೂ ಮುಂದೆ ಹೋಗಿ, ಪ್ರತಿಯೊಂದು ಚೌಕಟ್ಟಿಗೂ ಗಂಟೆ, ನಿಮಿಷ, ಸೆಕೆಂಡು, ಚೌಕಟ್ಟಿನ ಸಂಖ್ಯೆ ಎಂದು ನಾಲ್ಕು ಅಂಗಗಳ ವಿಳಾಸವನ್ನು ಕೊಟ್ಟಿತು. ಎರಡು ಯಂತ್ರಗಳೂ ಮುಂಚಿತವಾಗಿ ತಮ್ಮ ಗಡಿಯಾರಗಳನ್ನು ಹೊಂದಿಸಿಕೊಂಡಿದ್ದರೆ, ಒಂದೇ ವಿಳಾಸದ ಚಿತ್ರವನ್ನೂ ಧ್ವನಿಯನ್ನೂ ಒಂದೆಡೆ ಇಡುವುದಷ್ಟೇ ಉಳಿದ ಕೆಲಸ.

ಇವೆಲ್ಲಕ್ಕಿಂತ ಸರಳವಾದುದೂ ಇಂದಿಗೂ ಬಳಕೆಯಲ್ಲಿರುವುದೂ ಆದ ಸಾಧನವೆಂದರೆ ಕ್ಲ್ಯಾಪ್ ಹಲಗೆ. ಚಿತ್ರೀಕರಣದ ಛಾಯಾಚಿತ್ರಗಳಲ್ಲಿ ಅದನ್ನು ಕಂಡವರು ಅನೇಕರು ಅದೊಂದು ಸಂಪ್ರದಾಯದ ಅಲಂಕಾರವೆಂದು, ಮುಹೂರ್ತದ ಮಂಗಳವಸ್ತುವೆಂದು ತಿಳಿಯುವುದುಂಟು. ಅದರ ಪ್ರಯೋಜನವು ತೀರ ಲೌಕಿಕವಾದುದು. ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟಿದ ಚೌಕಟ್ಟು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ಟಪ್’ ಎಂಬ ಸದ್ದು ಧ್ವನಿಯ ರೇಖೆಯಲ್ಲಿ ಸೂಜಿಮೊನೆಯಂತೆ ಎದ್ದು ನಿಲ್ಲುತ್ತದೆ. ಆ ಚೌಕಟ್ಟಿನ ಕೆಳಗೆ ಈ ಸೂಜಿಮೊನೆಯನ್ನು ತಂದು ನಿಲ್ಲಿಸಿದರೆ ಮುಂದಿನ ಮಾತುಗಳೆಲ್ಲವೂ ತಂತಾವೇ ತಮ್ಮ ತಮ್ಮ ತುಟಿಗಳನ್ನು ಸೇರುತ್ತವೆ. ಹಲಗೆಯ ಮೇಲೆ ದೃಶ್ಯದ ಸಂಖ್ಯೆ ಬರೆದಿರುತ್ತದೆ, ಅದನ್ನೇ ಬಾಯಲ್ಲಿ ಹೇಳಿರುತ್ತದೆ. ಆದುದರಿಂದ ಯಾವ ಚಿತ್ರಕ್ಕೆ ಯಾವ ಧ್ವನಿ ಎಂಬ ಗೊಂದಲಕ್ಕೂ ಆಸ್ಪದವಿಲ್ಲ. ಹಲಗೆ ಇಲ್ಲದವರು ಕ್ಯಾಮರಾದ ಎದುರು ನಿಂತು ಒಂದು ಸಲ ಚಪ್ಪಾಳೆ ತಟ್ಟಿದರೂ ಅದೇ ಫಲ ದೊರೆಯುತ್ತದೆ.

ಇನ್ನು ಗಣಕಯಂತ್ರದ ಕಾಲ. 2011ರಲ್ಲಿ ಬಂದ ಫೈನಲ್ ಕಟ್ ಪ್ರೋದ ಹೊಸ ಆವೃತ್ತಿ, 2013ರ ತರುವಾಯದ ಅಡೋಬಿ ಪ್ರೀಮಿಯರ್, ಡಾವಿಂಚಿ ರಿಸಾಲ್ವ್, ಉಚಿತವಾಗಿ ದೊರೆಯುವ ಕೆಡೆನ್‌ಲೈವ್ ಮೊದಲಾದ ಸಂಕಲನ ತಂತ್ರಾಂಶಗಳು ಈ ಜೋಡಣೆಯನ್ನು ತಾವೇ ಮಾಡಿಕೊಡುತ್ತವೆ. ಅವು ಅನುಸರಿಸುವ ಕ್ರಮ ಸ್ವಾರಸ್ಯವಾದುದು. ಕ್ಯಾಮರಾವು ತನ್ನ ಸಾಧಾರಣ ಮೈಕಿನಿಂದ ಹಿಡಿದ ಒರಟು ಧ್ವನಿಯೊಂದು ಚಿತ್ರದ ಜೊತೆಗೆ ಇದ್ದೇ ಇರುತ್ತದೆ. ರೆಕಾರ್ಡರಿನ ಉತ್ತಮ ಧ್ವನಿ ಬೇರೆ ಇದೆ. ಎರಡೂ ಒಂದೇ ಸಭೆಯ ಮಾತುಗಳಾದುದರಿಂದ ಅವುಗಳ ಅಲೆಗಳ ಏರಿಳಿತದಲ್ಲಿ ಹೋಲಿಕೆ ಇರುತ್ತದೆ. ಪಾರದರ್ಶಕ ಹಾಳೆಗಳೆರಡರ ಮೇಲೆ ಒಂದೇ ಬೆಟ್ಟಸಾಲನ್ನು ಇಬ್ಬರು ಬರೆದಿರುವರೆಂದುಕೊಂಡರೆ, ಒಂದನ್ನು ಇನ್ನೊಂದರ ಮೇಲಿಟ್ಟು ಸರಿಸುತ್ತ ಹೋದಂತೆ ಒಂದು ಜಾಗದಲ್ಲಿ ಶಿಖರಕ್ಕೆ ಶಿಖರ, ಕಣಿವೆಗೆ ಕಣಿವೆ ಕೂಡುತ್ತದೆ. ತಂತ್ರಾಂಶವೂ ಹಾಗೆಯೇ ಒಂದು ಅಲೆಯನ್ನು ಮತ್ತೊಂದರ ಮೇಲೆ ಸರಿಸುತ್ತ, ಪ್ರತಿಯೊಂದು ಸ್ಥಾನದಲ್ಲಿಯೂ ಹೋಲಿಕೆಯನ್ನು ಲೆಕ್ಕಹಾಕಿ, ಅದು ಅತ್ಯಧಿಕವಾದಲ್ಲಿ ನಿಲ್ಲಿಸುತ್ತದೆ. ಮನುಷ್ಯನಿಗೆ ಗಂಟೆಗಟ್ಟಲೆ ಹಿಡಿಯುವ ಕೆಲಸವು ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಇಲ್ಲಿಯೇ ಎಚ್ಚರವಿರಬೇಕಾದ ಸೂಕ್ಷ್ಮವೊಂದಿದೆ. ಯಂತ್ರವು ಕಿವಿಗೆ ಕಿವಿಯನ್ನು ಹೊಂದಿಸುತ್ತದೆಯೇ ಹೊರತು ಕಣ್ಣಿಗೆ ಕಿವಿಯನ್ನು ಹೊಂದಿಸುವುದಿಲ್ಲ. ಕ್ಯಾಮರಾ ವೇದಿಕೆಯಿಂದ 28 ಮೀಟರು ದೂರದಲ್ಲಿದ್ದರೆ, ಭಾಷಣಕಾರರ ತುಟಿಯ ಚಲನೆ ಅದಕ್ಕೆ ಒಡನೆಯೇ ಕಾಣುತ್ತದೆ; ಮಾತು ಮಾತ್ರ ಸುಮಾರು 80 ಮಿಲಿಸೆಕೆಂಡು ತಡವಾಗಿ ತಲಪುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳ ಲೆಕ್ಕದಲ್ಲಿ ಒಂದು ಚೌಕಟ್ಟಿಗೆ 40 ಮಿಲಿಸೆಕೆಂಡು. ಅಂದರೆ ಎರಡು ಚೌಕಟ್ಟುಗಳ ವಿಳಂಬ. ಕೆರೆಯ ದಡದ ನ್ಯಾಯವೇ ಸಭಾಭವನದ ಒಳಗೂ ನಡೆಯಿತೆಂದಾಯಿತು. ಭಾಷಣಕಾರರ ಮುಂದಿದ್ದ ರೆಕಾರ್ಡರಿನ ಮಾತಿಗೆ ಈ ವಿಳಂಬವಿಲ್ಲ. ಆದರೆ ತಂತ್ರಾಂಶವು ಆ ಶುದ್ಧವಾದ ಮಾತನ್ನು ಕ್ಯಾಮರಾದ ತಡವಾದ ಮಾತಿಗೆ ಹೊಂದಿಸಿದಾಗ, ಶುದ್ಧವಾದುದೂ ಎರಡು ಚೌಕಟ್ಟು ಹಿಂದೆ ಬೀಳುತ್ತದೆ. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಯಂತ್ರಕ್ಕೆ ತುಟಿಯನ್ನು ನೋಡಬೇಕೆಂದು ಯಾರೂ ಹೇಳಿಲ್ಲ. ತುಟಿಯನ್ನು ನೋಡಿ, ಧ್ವನಿಯನ್ನು ಎರಡು ಚೌಕಟ್ಟು ಮುಂದಕ್ಕೆ ಸರಿಸುವ ಹೊಣೆ ಕುಳಿತ ಮನುಷ್ಯನದೇ.

ಆರಂಭದಲ್ಲಿ ಸರಿಯಾಗಿ ಕೂಡಿಸಿದ ಮಾತ್ರಕ್ಕೆ ಕೊನೆಯವರೆಗೂ ಸರಿಯಾಗಿರುವುದೆಂಬ ಭರವಸೆಯೂ ಇಲ್ಲ. ಎರಡು ಯಂತ್ರಗಳ ಒಳಗೂ ಕಾಲವನ್ನು ಅಳೆಯುವ ಸಣ್ಣ ಹರಳುಗಳಿವೆ. ಒಂದೇ ಅಂಗಡಿಯಲ್ಲಿ ಕೊಂಡ ಗಡಿಯಾರಗಳೆರಡು ತಿಂಗಳ ಕೊನೆಗೆ ಬೇರೆ ಬೇರೆ ಹೊತ್ತನ್ನು ತೋರಿಸುವಂತೆ ಅವುಗಳ ನಡಿಗೆಯಲ್ಲಿಯೂ ಅಲ್ಪ ವ್ಯತ್ಯಾಸವಿರುತ್ತದೆ. ಹತ್ತು ಲಕ್ಷ ಸೆಕೆಂಡುಗಳಲ್ಲಿ 30 ಸೆಕೆಂಡುಗಳ ವ್ಯತ್ಯಾಸವೆಂದರೆ ಏನೂ ಅಲ್ಲವೆನಿಸಬಹುದು. ಆದರೆ ಒಂದು ಗಂಟೆಯ ಸಂಗೀತ ಕಛೇರಿಯ ಕೊನೆಗೆ ಅದೇ ವ್ಯತ್ಯಾಸವು 108 ಮಿಲಿಸೆಕೆಂಡುಗಳಾಗಿ, ಹೆಚ್ಚುಕಡಿಮೆ ಮೂರು ಚೌಕಟ್ಟುಗಳಾಗಿ ಬೆಳೆದಿರುತ್ತದೆ. ತಬಲಾದ ಮೇಲೆ ಬೆರಳು ಬಿದ್ದುದಕ್ಕೂ ಪೆಟ್ಟು ಕೇಳಿದುದಕ್ಕೂ ತಾಳ ತಪ್ಪಿರುತ್ತದೆ. ಧ್ವನಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿಯೋ ಕುಗ್ಗಿಸಿಯೋ, ಅಥವಾ ನಡುವಿನ ಮೌನಗಳಲ್ಲಿ ಕತ್ತರಿಸಿ ಮರಳಿ ಕೂಡಿಸಿಯೋ ಇದನ್ನು ಸರಿಪಡಿಸಬೇಕಾಗುತ್ತದೆ.

ಗಡಿಯಾರದ ಈ ಅಲ್ಪದೋಷಕ್ಕಿಂತ ದೊಡ್ಡ ಎಡವಟ್ಟುಗಳೂ ಉಂಟು. ಧ್ವನಿಯನ್ನು ಅಂಕಿಗಳಾಗಿ ಬರೆಯುವಾಗ ಕೆಲವು ರೆಕಾರ್ಡರುಗಳು ಸೆಕೆಂಡಿಗೆ 44,100 ಬಾರಿ ಅಳೆಯುತ್ತವೆ. ಚಲನಚಿತ್ರದ ವಾಡಿಕೆ 48,000. ಮೊದಲನೆಯದನ್ನು ಎರಡನೆಯದೆಂದು ತಪ್ಪಾಗಿ ತಿಳಿದು ಓಡಿಸಿದರೆ ಒಂದು ಗಂಟೆಯ ಭಾಷಣವು 55 ನಿಮಿಷ 7½ ಸೆಕೆಂಡುಗಳಲ್ಲಿ ಮುಗಿದು, ಗಂಭೀರ ಕಂಠದ ಹಿರಿಯರು ಎಳೆಯ ದನಿಯಲ್ಲಿ ಅವಸರದಿಂದ ಮಾತನಾಡಿದಂತೆ ಕೇಳುತ್ತದೆ. ಅನೇಕ ಮೊಬೈಲುಗಳು ಚಿತ್ರ ತೆಗೆಯುವಾಗ ಬೆಳಕಿಗೆ ತಕ್ಕಂತೆ ಚೌಕಟ್ಟುಗಳ ವೇಗವನ್ನೇ ಏರಿಳಿಸುತ್ತವೆ. ಅಂತಹ ಚಿತ್ರಕ್ಕೆ ಎಷ್ಟೇ ನಿಖರವಾದ ಧ್ವನಿಯನ್ನು ಕೂಡಿಸಿದರೂ ಅದು ಒಮ್ಮೆ ಕೂಡಿ ಒಮ್ಮೆ ಜಾರುವುದುಂಟು. ಮೊದಲು ಚಿತ್ರವನ್ನು ಸ್ಥಿರವಾದ ವೇಗಕ್ಕೆ ಪರಿವರ್ತಿಸಿಕೊಳ್ಳದೆ ಮುಂದುವರಿಯುವಂತಿಲ್ಲ. ಅಳತೆಗೋಲೇ ಹಿಗ್ಗಿ ಕುಗ್ಗುತ್ತಿದ್ದರೆ ಬಟ್ಟೆ ಅಳೆಯುವವನು ಏನು ಮಾಡಬಲ್ಲನು?

ಒಂದೆರಡು ಚೌಕಟ್ಟುಗಳ ತಪ್ಪಿಗೆ ಇಷ್ಟೊಂದು ಚಿಂತೆ ಏಕೆಂದು ಕೇಳುವವರಿರಬಹುದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ, ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ, ಅಥವಾ ಸುಮಾರು 125 ಮಿಲಿಸೆಕೆಂಡು ಹಿಂದಾದರೆ ನೋಡುಗರು ಅದನ್ನು ಗುರುತಿಸತೊಡಗುತ್ತಾರೆ. ಈ ಎರಡು ಅಂಕಿಗಳ ಅಸಮತೆ ವಿಚಾರಯೋಗ್ಯವಾದುದು. ತಡವಾಗಿ ಬಂದ ಮಾತನ್ನು ಮನಸ್ಸು ಕ್ಷಮಿಸುತ್ತದೆ. ದೂರದ ಸದ್ದು ತಡವಾಗುವುದನ್ನು ಅದು ಹುಟ್ಟಿನಿಂದ ಕಂಡಿದೆ. ತುಟಿ ತೆರೆಯುವುದಕ್ಕೆ ಮುಂಚೆಯೇ ಬಂದ ಮಾತನ್ನು ಮಾತ್ರ ಅದು ಸಹಿಸದು; ಸೃಷ್ಟಿಯಲ್ಲಿ ಗುಡುಗು ಮಿಂಚಿಗಿಂತ ಮುಂಚೆ ಎಂದೂ ಬಂದಿಲ್ಲ. ಕಣ್ಣಿನ ಅಧಿಕಾರವೂ ಚಿಕ್ಕದಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ‘ಗ’ ಎನ್ನುತ್ತಿರುವ ತುಟಿಗಳ ಚಿತ್ರಕ್ಕೆ ‘ಬ’ ಎಂಬ ಧ್ವನಿಯನ್ನು ಕೂಡಿಸಿ ತೋರಿಸಿದಾಗ, ಬಹಳ ಮಂದಿಗೆ ಕೇಳಿಸಿದುದು ಎರಡೂ ಅಲ್ಲದ ‘ದ’ ಎಂಬ ಅಕ್ಷರ. ತುಟಿಯನ್ನು ತಪ್ಪಾಗಿ ಕೂಡಿಸಿದರೆ ಆಡಿದ ಅಕ್ಷರವೇ ಕೇಳುವವನಲ್ಲಿ ಬದಲಾಗಬಹುದೆಂದ ಮೇಲೆ, ಈ ಕೆಲಸವನ್ನು ಕೇವಲ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ.

ಚಪ್ಪಾಳೆಯ ಗುರುತೂ ಇಲ್ಲದೆ, ಕ್ಯಾಮರಾದಲ್ಲಿ ಒರಟು ಧ್ವನಿಯೂ ಇಲ್ಲದೆ, ಚಿತ್ರವೊಂದು ಕಡೆ ಮಾತೊಂದು ಕಡೆ ಉಳಿದ ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹಳ್ಳಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮುಖ್ಯೋಪಾಧ್ಯಾಯರು ನಿವೃತ್ತಿಯ ದಿನ ಮಕ್ಕಳನ್ನು ಉದ್ದೇಶಿಸಿ ಮಾತನಾಡಿದರು. ಒಬ್ಬ ತರುಣ ಶಿಕ್ಷಕರು ಕ್ಯಾಮರಾದಲ್ಲಿ ಚಿತ್ರ ತೆಗೆದರು. ಮತ್ತೊಬ್ಬರು ಮೇಜಿನ ಮೇಲೆ ರೆಕಾರ್ಡರನ್ನಿಟ್ಟರು. ಕ್ಯಾಮರಾದ ಮೈಕಿನ ತಂತಿ ಸಡಿಲವಾಗಿದ್ದುದನ್ನು ಅಂದು ಯಾರೂ ಗಮನಿಸಲಿಲ್ಲ. ವರ್ಷಗಳು ಸಂದವು, ಗುರುಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಬಂದು, ‘ಗುರುಗಳು ಮಾತನಾಡುವುದನ್ನು ಒಮ್ಮೆ ನೋಡಬೇಕು’ ಎಂದು ಕೇಳಿದಾಗ, ಶಾಲೆಯಲ್ಲಿ ಇದ್ದುದು ಬಾಯಿ ಅಲ್ಲಾಡಿಸುವ ಒಂದು ಮೂಕಚಿತ್ರ ಮತ್ತು ಮುಖವಿಲ್ಲದ ಒಂದು ದನಿ. ಎರಡೂ ಅವರವೇ; ಆದರೆ ಎರಡರಲ್ಲಿ ಒಂದರಿಂದಲೂ ಅವರು ಮಾತನಾಡಿದಂತಾಗುವುದಿಲ್ಲ. ಇಂತಹ ಸಂಗತಿ ಎಷ್ಟು ಶಾಲೆಗಳ ಬೀರುವಿನಲ್ಲಿ ಅಡಗಿರುವುದೋ ಬಲ್ಲವರಾರು?

ಆಗ ನೆರವಿಗೆ ಬರುವುದು ವ್ಯಾಕರಣದ ಮೊದಲ ಪಾಠ. ಪವರ್ಗದ ಪ, ಫ, ಬ, ಭ, ಮ ಎಂಬ ಐದು ಅಕ್ಷರಗಳು ಓಷ್ಠ್ಯಗಳೆಂದು ಪಂಡಿತರು ಎಂದೋ ಹೇಳಿದ್ದಾರೆ. ಎರಡು ತುಟಿಗಳೂ ಮುಚ್ಚದೆ ಇವು ಹುಟ್ಟಲಾರವು. ಬೇರೆ ಅಕ್ಷರಗಳು ಬಾಯಿಯ ಕತ್ತಲೆಯೊಳಗೆ ಹುಟ್ಟಿ ಕಣ್ಣಿಗೆ ತಪ್ಪಿಸಿಕೊಳ್ಳಬಹುದು; ಓಷ್ಠ್ಯವು ಮಾತ್ರ ಎಲ್ಲರಿಗೂ ಕಾಣುವಂತೆ ಹುಟ್ಟುತ್ತದೆ. ಸಂಕಲನಕಾರನು ಚಿತ್ರವನ್ನು ಒಂದೊಂದೇ ಚೌಕಟ್ಟಿನಂತೆ ಸರಿಸುತ್ತ, ಮುಚ್ಚಿದ ತುಟಿ ಸಿಡಿದು ತೆರೆಯುವ ಚೌಕಟ್ಟನ್ನು ಹುಡುಕುತ್ತಾನೆ. ಅಲೆಯ ರೇಖೆಯಲ್ಲಿ ಮೌನದ ಬೆನ್ನಿಗೆ ಥಟ್ಟನೆ ಎದ್ದ ‘ಪ’ಕಾರವನ್ನು ಹುಡುಕುತ್ತಾನೆ. ಗುರುಗಳ ಮಾತು ‘ಮಕ್ಕಳೇ’ ಎಂದು ಆರಂಭವಾಗಿದ್ದರೆ, ಆ ಮಕಾರವೇ ಮೊದಲ ಮೆಟ್ಟಿಲು. ಆದರೆ ಒಂದು ಅಕ್ಷರವನ್ನು ನಂಬಿ ತೀರ್ಮಾನಿಸುವಂತಿಲ್ಲ. ಗಂಟೆಯ ಭಾಷಣದಲ್ಲಿ ತುಟಿ ಸಾವಿರ ಸಲ ಮುಚ್ಚುತ್ತದೆ. ‘ಮಕ್ಕಳೇ’ ಎಂಬ ಮಕಾರ, ಅದರ ಬೆನ್ನಿಗೆ ‘ಅಪ್ಪ’ ಎಂಬಲ್ಲಿಯ ಒತ್ತಕ್ಷರ, ತರುವಾಯ ‘ಬದುಕು’ ಎಂಬಲ್ಲಿಯ ಬಕಾರ, ನಡುವೆ ನೀರು ಕುಡಿಯಲು ನಿಲ್ಲಿಸಿದ ಮೌನ, ಲೋಟವನ್ನು ಮೇಜಿನ ಮೇಲಿಟ್ಟ ಸದ್ದು — ಇವೆಲ್ಲವೂ ಒಂದೇ ಜೋಡಣೆಯಲ್ಲಿ ತಂತಮ್ಮ ಚಿತ್ರವನ್ನು ಕೂಡಿದಾಗ ಮಾತ್ರ ಸಂಕಲನಕಾರನು ಕೈ ಬಿಡಬಹುದು. ಬೇರೊಬ್ಬರು ಚಿತ್ರದ ಮೇಲೆ ಬೇರೆ ಮಾತನ್ನು ಹೊಂದಿಸಿ ಗುರುಗಳು ಹೇಳದುದನ್ನು ಹೇಳಿಸುವುದೂ ಈ ಕಾಲದಲ್ಲಿ ಕಷ್ಟವಲ್ಲ. ಆದುದರಿಂದ ಒಂದೊಂದು ಓಷ್ಠ್ಯವನ್ನೂ ಪರೀಕ್ಷಿಸಿ ನಡೆಯುವ ಈ ಶ್ರಮದಲ್ಲಿ ಕುಶಲತೆಯಷ್ಟೇ ಪ್ರಾಮಾಣಿಕತೆಯೂ ಬೇಕು.

ಇದು ಸಾಧ್ಯವೇ ಎಂಬ ಸಂಶಯಕ್ಕೆ ಚಲನಚಿತ್ರದ ಚರಿತ್ರೆಯೇ ಉತ್ತರ ಕೊಟ್ಟಿದೆ. 1894ರ ಕೊನೆ ಅಥವಾ 1895ರ ಆರಂಭದಲ್ಲಿ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿದ್ದ ಎಡಿಸನ್ನರ ಸ್ಟುಡಿಯೋದಲ್ಲಿ, ಅವರ ಸಹಾಯಕ ವಿಲಿಯಂ ಕೆನಡಿ ಲಾರಿ ಡಿಕ್ಸನ್ ಎಂಬವರು ಒಂದು ಪ್ರಯೋಗ ನಡೆಸಿದರು. ದೊಡ್ಡ ಕೊಂಬಿನಾಕಾರದ ಧ್ವನಿಗ್ರಾಹಕದ ಮುಂದೆ ನಿಂತು ಅವರು ಪಿಟೀಲು ನುಡಿಸಿದರು. ಅವರ ಪಕ್ಕದಲ್ಲಿ ಇಬ್ಬರು ಪುರುಷರು ಜೊತೆಯಾಗಿ ಕುಣಿದರು. ಚಿತ್ರವು ಫಿಲ್ಮಿನ ಮೇಲೆ ಮೂಡಿತು. ನಾದವು ಮೇಣದ ಉರುಳೆಯ ಮೇಲೆ ಕೊರೆಯಿತು. ಆದರೆ ಎರಡನ್ನೂ ಒಟ್ಟಿಗೆ ನಡೆಸುವ ಸಾಧನ ಕೈಗೂಡಲಿಲ್ಲ. ಕಾಲಕ್ರಮದಲ್ಲಿ ಫಿಲ್ಮು ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿತು. ಉರುಳೆಯು ಒಡೆದು ಎಡಿಸನ್ನರ ಸ್ಮಾರಕದ ಸಂಗ್ರಹದಲ್ಲಿ ಉಳಿಯಿತು. ಒಂದು ಶತಮಾನದ ಕಾಲ ಪಿಟೀಲಿನ ಕಮಾನು ಒಂದು ಊರಿನಲ್ಲಿ ಮೌನವಾಗಿ ಆಡುತ್ತಿತ್ತು. ಅದರ ನಾದವು ಇನ್ನೊಂದು ಊರಿನಲ್ಲಿ ಒಡೆದು ಬಿದ್ದಿತ್ತು.

1990ರ ದಶಕದ ಕೊನೆಯಲ್ಲಿ ಒಡೆದ ಉರುಳೆಯನ್ನು ಜೋಡಿಸಿ ಅದರ ಧ್ವನಿಯನ್ನು ಮರಳಿ ಪಡೆಯಲಾಯಿತು. ಎರಡು ನಿಮಿಷದಷ್ಟು ಧ್ವನಿ. ಚಿತ್ರವೋ ಕೇವಲ 17 ಸೆಕೆಂಡುಗಳದು. ಅದೂ ಸೆಕೆಂಡಿಗೆ ಸುಮಾರು 40 ಚೌಕಟ್ಟುಗಳ ಅಸಾಮಾನ್ಯ ವೇಗದಲ್ಲಿ ತೆಗೆದುದು. ಇಷ್ಟು ಧ್ವನಿಯಲ್ಲಿ ಆ ಹದಿನೇಳು ಸೆಕೆಂಡುಗಳು ಯಾವುವು? ನಿರ್ಮಾಪಕ ರಿಕ್ ಶ್ಮಿಡ್ಲಿನ್ ಅವರ ಮೂಲಕ ಈ ಪ್ರಶ್ನೆಯು ಹಾಲಿವುಡ್ಡಿನ ಹೆಸರಾಂತ ಸಂಕಲನಕಾರರೂ ಧ್ವನಿತಜ್ಞರೂ ಆದ ವಾಲ್ಟರ್ ಮರ್ಚ್ ಅವರ ಮುಂದೆ ಬಂದಿತು. 2000ದಲ್ಲಿ ಅವರು ಎರಡನ್ನೂ ಗಣಕಯಂತ್ರಕ್ಕೆ ಇಳಿಸಿಕೊಂಡು, ಡಿಕ್ಸನ್ನರ ಕಮಾನಿನ ಚಲನೆಯನ್ನೂ ಪಿಟೀಲಿನ ಸ್ವರಗಳನ್ನೂ ಹೋಲಿಸಿ ನೋಡುತ್ತ ಅವುಗಳ ಕೂಡುಗಳಿಗೆಯನ್ನು ಕಂಡುಹಿಡಿದರು. ಇಲ್ಲಿ ತುಟಿಯ ಬದಲು ಕಮಾನು, ಓಷ್ಠ್ಯದ ಬದಲು ಸ್ವರ; ಮಾರ್ಗ ಒಂದೇ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎಳೆದ ಕಮಾನಿಗೆ ಅದರ ನಾದವು ಮರಳಿ ದೊರೆಯಿತು. 2003ರಲ್ಲಿ ಆ ಕಿರುಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಇಷ್ಟೆಲ್ಲ ಸಾಧ್ಯವಾದುದು ಎರಡೂ ತುಂಡುಗಳು ಎಲ್ಲಿಯೋ ಉಳಿದಿದ್ದುದರಿಂದ. ಉಳಿಯದಿದ್ದರೆ ಯಾವ ಮರ್ಚ್ ಅವರೂ ಏನನ್ನೂ ಮಾಡಲಾರರು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ದ ಪ್ರತಿಯು ಇಂದು ದೊರೆಯುತ್ತಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರಂತಹ ಕಲಾವಿದರು ಅದರಲ್ಲಿ ಆಡಿದ ಮಾತು ಯಾವ ತುಟಿಗೆ ಸೇರಬೇಕೆಂಬ ಪ್ರಶ್ನೆಯೇ ಅಲ್ಲಿ ಏಳುವಂತಿಲ್ಲ; ಮಾತೂ ಇಲ್ಲ, ತುಟಿಯೂ ಇಲ್ಲ. ಹೊಂದಾಣಿಕೆ ತಪ್ಪಿದ ದಾಖಲೆಯನ್ನು ಎಂದಾದರೂ ಸರಿಪಡಿಸಬಹುದು, ಕಳೆದುಹೋದುದಕ್ಕೆ ಔಷಧಿಯಿಲ್ಲ. ಆದುದರಿಂದ ಮೂಲ ಧ್ವನಿಯ ಕಡತವನ್ನೂ ಮೂಲ ಚಿತ್ರದ ಕಡತವನ್ನೂ, ಕೂಡಿಸಿ ಮುಗಿಯಿತೆಂದು ಅಳಿಸಿಹಾಕದೆ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಕಾಪಾಡುವುದು ಜಾಣತನ. ಕ್ಯಾಮರಾ ತಾನಾಗಿ ಕೊಟ್ಟ ಅರ್ಥವಿಲ್ಲದ ಅಂಕಿಗಳ ಹೆಸರನ್ನು ಹಾಗೆಯೇ ಬಿಟ್ಟರೆ, ಹತ್ತು ವರ್ಷಗಳ ಬಳಿಕ ಯಾವ ಧ್ವನಿ ಯಾವ ಸಭೆಯದೆಂದು ಹೇಳಬಲ್ಲವರು ಉಳಿದಿರುವುದಿಲ್ಲ.

ಇಂದು ನಾಡಿನ ಶಾಲೆಗಳಲ್ಲಿ ನಡೆಯುವ ಪ್ರತಿಯೊಂದು ಸಮಾರಂಭವೂ ಚಿತ್ರಿತವಾಗುತ್ತಿದೆ. ಸೋಬಾನೆ ಹಾಡುವ ಅಜ್ಜಿಯರು, ಕೋಲಾಟದ ಹಿರಿಯರು, ಊರಿನ ಇತಿಹಾಸವನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡ ವೃದ್ಧರು ಮಕ್ಕಳ ಮುಂದೆ ಬಂದು ಕುಳಿತುಕೊಳ್ಳುತ್ತಾರೆ. ಅವರಲ್ಲಿ ಹಲವರಿಗೆ ಅದೇ ಕೊನೆಯ ವೇದಿಕೆಯಾಗುವುದೂ ಉಂಟು. ಅವರ ಮುಖವನ್ನೂ ದನಿಯನ್ನೂ ಮುಂದಿನ ಪೀಳಿಗೆಗೆ ಒಟ್ಟಿಗೆ ಒಪ್ಪಿಸುವುದಕ್ಕೆ ದೊಡ್ಡ ಯಂತ್ರಗಳು ಬೇಕಾಗಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಕ್ಯಾಮರಾ ಮತ್ತು ರೆಕಾರ್ಡರು ಎರಡೂ ಓಡತೊಡಗಿದ ಮೇಲೆ, ವಿದ್ಯಾರ್ಥಿಯೊಬ್ಬನು ಎರಡಕ್ಕೂ ಕಾಣುವಂತೆ ಕೇಳುವಂತೆ ಅತಿಥಿಗಳ ಬಳಿಯಲ್ಲಿ ನಿಂತು, ಊರು, ದಿನಾಂಕ, ಮಾತನಾಡುವವರ ಹೆಸರುಗಳನ್ನು ಹೇಳಿ ಒಂದು ಸಲ ಕೈತಟ್ಟಬೇಕು. ದೀರ್ಘವಾದ ಕಾರ್ಯಕ್ರಮವಾದರೆ ಕೊನೆಯಲ್ಲಿಯೂ ಮತ್ತೊಮ್ಮೆ ತಟ್ಟಬೇಕು. ಗಡಿಯಾರಗಳ ನಡಿಗೆಯ ಅಂತರವನ್ನು ಆ ಎರಡನೆಯ ಚಪ್ಪಾಳೆ ತಿಳಿಸಿಕೊಡುತ್ತದೆ. ಸಭಿಕರು ಇದೇನೆಂದು ನಗಬಹುದು, ಅದಕ್ಕೆ ಅಳುಕಬೇಕಾದುದಿಲ್ಲ. ಮುಂದೊಂದು ದಿನ ಯಾರೋ ಆ ಕಡತಗಳನ್ನು ತೆರೆದಾಗ, ಅಂಗೈಗಳೆರಡು ಕೂಡಿದ ಚೌಕಟ್ಟನ್ನು ಹುಡುಕಿ ಅದರಿಂದಲೇ ತಮ್ಮ ಕೆಲಸವನ್ನು ಆರಂಭಿಸುತ್ತಾರೆ.